ಅಡ್ಡ ಹೋದ ಏಡಿ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ನಾಗರಪಂಚಮಿಯ ಮಾರನೇ ದಿನ, ಆರನೇ ಕ್ಲಾಸು ಅರ್ಧಕ್ಕೇ ಬಿಟ್ಟು. ಆವತ್ತು ಕಡಲ ದಂಡೆಯಲ್ಲಿ ಚಿಪ್ಪಿ ಹೆಕ್ಕುತ್ತಿದ್ದ ಸುಕ್ರಜ್ಜಿ ಹೇಳಿದ ಕತೆ ಇದು. ಇವತ್ತು ನೆನಪಾಗಿದ್ದು ತಂಗಿಯ ಮೊಮ್ಮಗಳು ಮೇದಿನಿಯಿಂದ. ಮೊಬೈಲಿನ ಆಟದಲ್ಲಿ ಒಂದು ಏಡಿಯ ತಲೆ ಮೇಲೆ ಹಾರಿ ಹಾರಿ ಅದನ್ನು ಚಪ್ಪಟೆ ಮಾಡುತ್ತಿದ್ದಳು.

"ಎಂತಕ್ಕೆ ತುಳೀತೀಯೆ ಅದನ್ನ?" ಅಂದೆ.

"ಅಡ್ಡ ಬರ್ತದಲ್ಲ ಅಜ್ಜ. ಅದಕ್ಕೆ ಬೇರೆ ಕೆಲಸವೇ ಇಲ್ಲ."

ನನಗೆ ರೇಗಿತು. "ಅಡ್ಡ ಹೋಗು ಅಂತ ಅದಕ್ಕೆ ಹೇಳಿದ್ದು ಯಾರು, ಅದನ್ನ ಕೇಳು ಮೊದಲು."

ಲೋಕದ ಹಸಿ ಇನ್ನೂ ಆರಿರದ ಕಾಲ. ಆಗ ಏಡಿ ಎಲ್ಲರ ಹಾಗೆ ನೇರ ನಡೆಯುತ್ತಿದ್ದಳು. ದಂಡೆಯಲ್ಲೊಂದು ಬಿಲ, ಬಿಲದಲ್ಲಿ ನಾಲ್ಕು ಮರಿ. ಯಾರ ತಂಟೆಗೂ ಹೋದವಳಲ್ಲ.

ಕಡಲಿಗೆ ಮಾತ್ರ ಕಪ್ಪೆಯ ಮೇಲೆ ಹೊಟ್ಟೆಕಿಚ್ಚು. ಕಪ್ಪೆಯ ವಟವಟ ನಿನ್ನ ಮೊರೆತಕ್ಕಿಂತ ಜೋರು ಅಂತ ಗಾಳಿ ಚಾಡಿ ಹೇಳಿತ್ತು.

"ಏಡೀ, ನೀನು ನಮ್ಮವಳಲ್ಲವೇ," ಅಂದಿತು ಕಡಲು. "ಕಪ್ಪೆ ಈ ಕಡೆ ಬಂದರೆ ಅಡ್ಡ ಹೋಗು."

"ನಾನು ಇಷ್ಟೇ ಇಷ್ಟು, ಕಡಲಮ್ಮ. ಅವನು ಹಾರುವವನು."

"ಬೆನ್ನಿಗೆ ನಾನಿದ್ದೇನಲ್ಲ."

ಕಪ್ಪೆ ಬಂದ. ಏಡಿ ನೇರ ಅವನೆದುರು ಹೋಗಿ ನಿಂತಳು.

"ದಾರಿ ಬಿಡೇ, ಚಪಾತಿ," ಅಂದ ಕಪ್ಪೆ.

ಬಿಡಲಿಲ್ಲ. ಕಪ್ಪೆ ಅವಳ ತಲೆ ಮೇಲೆ ಹಾರಿದ, ತಲೆಯಿಂದ ಬಿಲದ ಮೇಲೆ ಹಾರಿದ. ಬಿಲ ಕುಸಿಯಿತು. ಬೆನ್ನಿಗಿರುತ್ತೇನೆ ಅಂದ ಕಡಲು ಇಳಿತದ ಜೊತೆ ಎಲ್ಲೋ ದೂರ ಸರಿದು ನಿಂತಿತ್ತು.

ಏಡಿ ಮರಳು ಕೆದಕಿದಳು. ಒಂದು ಮರಿ ಬಂತು. ಎರಡು ಬಂತು. ಮೂರು ಬಂತು. ನಾಲ್ಕನೆಯದು ಬರಲಿಲ್ಲ.

ಉಬ್ಬರದಲ್ಲಿ ಕಡಲು ತಿರುಗಿ ಬಂದಾಗ ಏಡಿ ಕೇಳಿದಳು, "ಎಲ್ಲಿದ್ದೆ?"

ಕಡಲು ನಕ್ಕಿತು. "ಅಡ್ಡ ಹೋಗು ಅಂದಿದ್ದೆ. ನೀನು ನೇರ ಹೋದೆ. ಅಡ್ಡ ಅಂದರೆ ಪಕ್ಕಕ್ಕೆ ಅಂತಲೂ ಆಗುತ್ತದೆ, ತಿಳಿದುಕೊಳ್ಳಬೇಕಿತ್ತು."

ಸಿಟ್ಟಿಗೆ ಏಡಿಯ ಕಣ್ಣುಗಳು ತಲೆಯಿಂದ ಹೊರಗೆ ಬಂದು ನಿಂತವು. ಬೆನ್ನು ಕಲ್ಲಾಯಿತು. ಇಕ್ಕಳದಂಥ ಎರಡೂ ಕೈ ಎತ್ತಿದಳು.

"ಹಾಗೋ. ಇನ್ನು ಅಡ್ಡವೇ ಹೋಗುತ್ತೇನೆ. ನೀನು ಕರೆದರೂ ಅಡ್ಡ, ನೀನು ಅತ್ತರೂ ಅಡ್ಡ. ನಿನ್ನ ಮಾತಿಗೆ ಒಂದು ಹೆಜ್ಜೆ ನೇರ ಇಟ್ಟರೆ ಕೇಳು."

ಮೇದಿನಿ ಮೊಬೈಲು ಕೆಳಗಿಟ್ಟಳು. "ನಾಲ್ಕನೇದು ಆಮೇಲೂ ಸಿಗಲಿಲ್ವಾ ಅಜ್ಜ?"

"ಎಲ್ಲಿ ಸಿಗ್ತದೆ? ತೋಡಿದ್ದನ್ನೆಲ್ಲ ಆ ಕಡಲು ದಿನಕ್ಕೆರಡು ಸಲ ಮುಚ್ಚಿ ಹೋಗ್ತದೆ."

ಆವತ್ತು ಮನೆ ಬಿಟ್ಟವನು ಎಲ್ಲೂ ನಿಂತಿಲ್ಲ; ಇವತ್ತೂ ಹೊರಡುವುದೆಂದು ಎರಡು ಅಂಗಿ, ಒಂದು ಟವೆಲು ಚೀಲಕ್ಕೆ ತುರುಕಿದೆ. ಮೂರು ಗಂಟೆಯ ಬಸ್ಸು ಹಿಡಿಯಬೇಕು, ಎಲ್ಲಿಯದಾದರೂ ಸರಿ. ಮೇದಿನಿ ಜಗಲಿಯಿಂದ ದಂಡೆ ನೋಡುತ್ತಿದ್ದಳು.

ನೋಡು ಮಗಾ, ಅಂದಿದ್ದಳು ಸುಕ್ರಜ್ಜಿ, ಅದಕ್ಕೇ ಇವತ್ತಿಗೂ ಏಡಿ ಅಡ್ಡಡ್ಡ ಓಡುತ್ತದೆ, ಬಿಲ ತೋಡಿ ತೋಡಿ ಮರಳನ್ನು ಕಡಲಿನ ಮುಖಕ್ಕೇ ಎಸೆಯುತ್ತದೆ.