ಗೌನಿಗೆ ನೂರು ವರ್ಷ

ಪುರಸಭೆ ಅಧ್ಯಕ್ಷ ಗುರುಪಾದಪ್ಪ ರೇಷ್ಮೆ ಗೌನೊಂದನ್ನು ಹಿಡಿದು ದರ್ಜಿಯ ಅಂಗಡಿಗೆ ನುಗ್ಗಿದ.

"ಇದು ನಮ್ಮಜ್ಜಿದು. ಪ್ಯಾರಿಸ್ಸಿನ ದೊಡ್ಡ ಡಿಸೈನರ್ ನೂರು ವರ್ಷದ ಹಿಂದೆ ಹೊಲಿದದ್ದು. ನಾಳೆ ಪ್ರದರ್ಶನಕ್ಕಿಡಬೇಕು. ಹಾಗಂತ ಬರೆದು ಸಹಿ ಹಾಕು. ಇಲ್ಲಾಂದ್ರೆ ಈ ಪುರಸಭೆ ಮಳಿಗೆ ಖಾಲಿ ಮಾಡು!"

ದರ್ಜಿ ಸೊಂಟದ ಪಟ್ಟಿ ಅದುಮಿದ. ಒಳಗೆ ಸರಸರ ಸದ್ದು. ಪಟ್ಟಿ ಗಟ್ಟಿ ನಿಲ್ಲಲೆಂದು ಒಳಗೆ ಹಳೇ ನ್ಯೂಸ್ ಪೇಪರು ಮಡಚಿ ಹೊಲಿಯುವುದು ಇದೇ ಊರಿನ ದರ್ಜಿಗಳ ಅಭ್ಯಾಸ. ನಾಲ್ಕು ಹೊಲಿಗೆ ಬಿಚ್ಚಿ ಪೇಪರು ಎಳೆದ. ಅದರಲ್ಲೊಂದು ಫೋಟೋ: ಸಾಕ್ಷಾತ್ ಗುರುಪಾದಪ್ಪನೇ, ಕರಿಮೀಸೆ ಹೊತ್ತು ಸಾರ್ವಜನಿಕ ಶೌಚಾಲಯದ ಟೇಪು ಕತ್ತರಿಸುತ್ತಿದ್ದಾನೆ!

"ಬರೀತೀನಿ ಸ್ವಾಮಿ, ಗೌನಿಗೆ ನೂರು ವರ್ಷ," ಅಂತ ದರ್ಜಿ ಪೆನ್ನು ತೆಗೆದ. "ಈ ಫೋಟೋದಲ್ಲೇ ತಮಗೆ ಮೂವತ್ತಿದ್ದಂಗಿದೆ. ಹಂಗಾದ್ರೆ ಈಗ ನೂರಾ ಮೂವತ್ತು. ಅದನ್ನೂ ಬರೀಲಾ?"

ನಲವತ್ತು ದಾಟಿಲ್ಲ ಎಂದು ಹೇಳಿಕೊಂಡು ಎರಡನೇ ಮದುವೆಗೆ ಹೆಣ್ಣು ಹುಡುಕುತ್ತಿದ್ದ ಗುರುಪಾದಪ್ಪ ಗಬಕ್ಕನೆ ಅವನ ಕೈ ಹಿಡಿದ.

"ಬೇಡ ಮಾರಾಯ! ಗೌನು ಮೊನ್ನೆ ಹೊಲಿದದ್ದು ಅಂತ ಬರಿ!"