ಬೆಲ್ಲದ ಮಂಡಿಯಲ್ಲಿ ಕೇಳಿದ ಹಾಡು

ಮಠದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಗುರುಗಳ ಮುಂದೆ ಕೈಮುಗಿದು ಕೇಳಿದ: "ಗುರುಗಳೇ, ನಮ್ಮ ವಿಜ್ಞಾನದ ಟೀಚರ್ ಮಕ್ಕಳಿಗೆ ಟಿ.ವಿ.ಯಲ್ಲಿ ವಿಡಿಯೋ ತೋರಿಸುತ್ತಾರೆ, ಪಾಠಕ್ಕೆ ಹಾಡು ಕಟ್ಟಿ ಹಾಡಿಸುತ್ತಾರೆ. ತರಗತಿ ಸಂತೆಯಂತಾಗಿದೆ. ಆ ಟಿ.ವಿ.ಯನ್ನು ತೆಗೆಸಿಬಿಡಲೇ?"

"ತೆಗೆಸುವುದು ಎಷ್ಟು ಹೊತ್ತಿನ ಕೆಲಸ? ಮೊದಲು ಇದನ್ನು ಕೇಳು," ಎಂದರು ಗುರುಗಳು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಮಗಳ ಶಾಲೆಯಲ್ಲೂ ಇಂಥದೇ ಒಬ್ಬ ಟೀಚರ್. ಒಂದು ದಿನ ಆ ಹುಡುಗಿ, ಹಾವು ಕಚ್ಚಿದರೆ ಏನು ಮಾಡಬೇಕೆಂಬ ಪಾಠವನ್ನು ಮನೆಯಲ್ಲಿ ಕುಣಿಯುತ್ತ ಹಾಡಿದಳು. ವ್ಯಾಪಾರಿಗೆ ಪಿತ್ತ ನೆತ್ತಿಗೇರಿತು. ಶಾಲೆಗೆ ಹೋಗಿ ಎಲ್ಲರೆದುರೇ ಕೂಗಾಡಿದ.

"ಟೀಚರಮ್ಮ, ಮಗಳನ್ನ ಇಲ್ಲಿಗೆ ಕಳಿಸೋದು ಓದೋಕೆ. ಹಾಡು, ಸಿನಿಮಾ ಎಲ್ಲ ನಮ್ಮ ಮನೇಲೇ ಐತೆ!"

ಬೇರೆ ಶಾಲೆಗೆ ಸೇರಿಸುತ್ತೇನೆಂದು ಮಗಳ ಕೈಹಿಡಿದು ಕರೆದುಕೊಂಡೇ ಬಂದ. ಅದಾಗುವ ತನಕ ಅವಳು ಅಪ್ಪನ ಬೆಲ್ಲದ ಮಂಡಿಯಲ್ಲೇ ಕೂತಿರಬೇಕಾಯಿತು.

ಬೆಲ್ಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಮೂಟೆ ಸರಿಸುವಾಗ ಹಾವು ವ್ಯಾಪಾರಿಯ ಪಾದಕ್ಕೆ ಕಚ್ಚಿತು. ಒಬ್ಬ ಹಮಾಲಿ ಕಾಲಿಗೆ ಕಟ್ಟಲು ಹಗ್ಗ ತಂದ. ಇನ್ನೊಬ್ಬ ಕೊಯ್ದು ವಿಷ ತೆಗೆಯಲು ಬ್ಲೇಡು ತಂದ. ಮತ್ತೊಬ್ಬ ಮಂತ್ರವಾದಿಯ ಹತ್ತಿರ ಹೋಗೋಣ ಎಂದ. ವ್ಯಾಪಾರಿಯಂತೂ ಓಡುವುದಕ್ಕೇ ಎದ್ದು ನಿಂತಿದ್ದ. ಆಗ ಮಗಳು ಗಟ್ಟಿಯಾಗಿ ಹಾಡಿದಳು:

"ಓಡಬೇಡ, ಅಲುಗಬೇಡ,
ಕೊಯ್ಯಬೇಡ, ಕಟ್ಟಬೇಡ,
ಮಂತ್ರ ಗಿಂತ್ರ ನಂಬಬೇಡ,
ಆಸ್ಪತ್ರೆಗೆ ತಡ ಬೇಡ!"

ಅಪ್ಪ ಕುಸಿದು ಕೂತ. ಬ್ಲೇಡು ತಂದವನು ಹಿಂದೆ ಸರಿದ. ಹಗ್ಗದವನು ಮಾತ್ರ ಬಿಡಲಿಲ್ಲ.

"ಕಟ್ಟದಿದ್ರೆ ವಿಷ ತಲೆಗೇರ್ತದೆ ಕಣವ್ವ."

"ಹಗ್ಗ ವಿಷವನ್ನ ತಡೆಯಲ್ಲ ಮಾವ, ಕಾಲನ್ನ ಸಾಯಿಸುತ್ತೆ. ಹಾಗೆ ಕಟ್ಟಿದ ಕಾಲು ಕಪ್ಪಾಗಿ ಹೋಗಿದ್ದನ್ನ ವಿಡಿಯೋದಲ್ಲಿ ಕಣ್ಣಾರೆ ನೋಡಿದ್ದೀನಿ."

ಹಗ್ಗ ಕೆಳಗೆ ಬಿತ್ತು. ವ್ಯಾಪಾರಿಯನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದಂತೆ ಹಿಡಿದುಕೊಂಡು, ಸರಕಿನ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಮಗಳು ಹಾಡುತ್ತಲೇ ಇದ್ದಳು. ಸರಿಯಾದ ಹೊತ್ತಿಗೆ ಔಷಧ ಬಿತ್ತು. ಜೀವವೂ ಉಳಿಯಿತು, ಕಾಲೂ ಉಳಿಯಿತು.

ಗುಣವಾದ ಮೇಲೆ ವ್ಯಾಪಾರಿ ಅದೇ ಕಾಲಿನಲ್ಲಿ ನಡೆದುಕೊಂಡು ಶಾಲೆಗೆ ಹೋದ. ಮುಂದೆ ಮಗಳು, ಹಿಂದೆ ಹಮಾಲಿಗಳ ದಂಡು. "ಟೀಚರಮ್ಮ, ನಮಗೂ ಕಲಿಸಿ," ಎಂದು ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ರಾಗ ಅವನ ಗಂಟಲಿಗೆ ಒಗ್ಗಲೇ ಇಲ್ಲ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಇನ್ನೂ ಜೋರಾಗಿ ಹಾಡಿದ. ಎಂಥ ಸಂತೋಷದ ಗದ್ದಲ ಅದು! ಊರಿಗೆ ಊರೇ ಆ ಪಾಠ ಕಲಿತುಬಿಟ್ಟಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಇನ್ನೂ ಸೋತಿರಲಿಲ್ಲ.

"ಆದರೂ ಗುರುಗಳೇ, ಪಾಠ ಎಂದರೆ ಪಾಠ. ನಾವೇನು ಹಾಡಿಕೊಂಡು ಕಲಿತೆವೆ?"

"ಹಾಗಾದರೆ ಹನ್ನೆರಡರ ಮಗ್ಗಿಯನ್ನು ರಾಗ ಬಿಟ್ಟು ಹೇಳು, ಕೇಳೋಣ," ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. "ಹನ್ನೆರಡೊಂದ್ಲ ಹನ್ನೆರಡು" ಎನ್ನುವಷ್ಟರಲ್ಲೇ ರಾಗ ತಾನಾಗಿ ಬಂದುಬಿಟ್ಟಿತು.