ಗೊರವಂಕನ ‘ನಿಮ್ಮದೊಂದೇ ಬಾಕಿ’

ಬಂಡೆಗಳೇ ತುಂಬಿದ ಕರಿಗುಡ್ಡದ ನೆತ್ತಿಯಲ್ಲಿ ಒಂದು ಹಳೆಯ ಜಾಲಿಮರವಿತ್ತು. ಅದರ ಹನ್ನೊಂದು ಕೊಂಬೆಗಳಲ್ಲಿ ಹನ್ನೊಂದು ಕಾಜಾಣ ಸಂಸಾರಗಳು ವಾಸವಾಗಿದ್ದವು. ಕಾಜಾಣ ನೋಡಿದ್ದೀರಲ್ಲ ಮಕ್ಕಳೇ? ಮೈಯೆಲ್ಲ ಮಿರಿಮಿರಿ ಕಪ್ಪು, ಬಾಲ ಎರಡು ಕವಲು. ಗಾತ್ರ ಹಿಡಿಯಷ್ಟಾದರೂ ಗಿಡುಗನನ್ನೇ ಅಟ್ಟಿಸಿಕೊಂಡು ಹೋಗುವಷ್ಟು ಎದೆಗಾರಿಕೆ! ಇನ್ನೊಂದು ವಿದ್ಯೆಯೂ ಅದಕ್ಕೆ ಗೊತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೆಯೇ ಆಡಿ ತೋರಿಸಿಬಿಡುತ್ತದೆ.

ಬಹಳ ಹಿಂದೆ ಈ ಕಾಜಾಣಗಳ ಅಜ್ಜಿಯರು ಕೆಳಗಿನ ಮಾವಿನ ತೋಪಿನಲ್ಲಿ ಜಾಗ ಕೇಳಿದ್ದರು. "ಕರಿ ಹಕ್ಕಿಗಳಿಗೆ ಇಲ್ಲಿ ಕೊಂಬೆ ಇಲ್ಲ. ಆ ಮುಳ್ಳುಮರಕ್ಕೆ ಹೋಗಿ" ಎಂದು ತೋಪಿನವರು ಓಡಿಸಿದ್ದರು. ಅಜ್ಜಿಯರು ಮುಳ್ಳಿನ ನಡುವೆಯೇ ಗೂಡು ಕಟ್ಟಿದರು. ಜೊತೆಗೆ ಒಂದು ಹಾಡನ್ನೂ ಕಟ್ಟಿದರು.

ಆ ಹಾಡು ದಿನವೂ ನಸುಕಿನಲ್ಲಿ ಕೆಳಗಿನ ಕೊಂಬೆಯಿಂದ ಶುರುವಾಗುತ್ತಿತ್ತು. ಒಬ್ಬರ ಸಾಲಿನ ಕೊನೆಯ ಮಾತನ್ನು ಹಿಡಿದುಕೊಂಡು ಮೇಲಿನ ಕೊಂಬೆಯವರು ತಮ್ಮ ಸಾಲು ಹಾಡಬೇಕು. ಹಾಡುತ್ತಲೇ ತಮ್ಮ ಕೊಂಬೆ ಚಾಚಿದ ಕಡೆ ಗಿಡುಗ ಇದೆಯೇ ಎಂದು ನೋಡಬೇಕು. ಹನ್ನೊಂದು ಸಾಲು ಮುಗಿದರೆ ಸುತ್ತಲೂ ಕಾವಲು ಮುಗಿದಂತೆ. ಈ ಧೈರ್ಯದಿಂದಲೇ ಬುಡದ ಪೊದೆಗಳಿಗೆ ಬೆಳವಗಳೂ ಪಿಕಳಾರಗಳೂ ಬಂದು ನೆಮ್ಮದಿಯಾಗಿ ಮೊಟ್ಟೆಯಿಟ್ಟವು. ಯಾರಿಗೂ ಬೇಡದ ಮುಳ್ಳುಮರ ಈಗ ಎಲ್ಲರೂ ತಿರುಗಿ ನೋಡುವ ಜಾಗವಾಗಿತ್ತು.

ಮೂರನೆಯ ಕೊಂಬೆಯವಳು ಕವಲಿ. ಅವಳ ಗೂಡಿನಲ್ಲಿ ಮೂರು ಮೊಟ್ಟೆಗಳಿದ್ದವು. ಹಾಡಿನಲ್ಲಿ ಎತ್ತಿದ ಕೈ, ಆದರೆ ಮಹಾ ಬಿಗುಮಾನದವಳು. ಯಾರಾದರೂ ತನ್ನನ್ನು ಬಿಟ್ಟು ಏನೋ ಮಾಡಿದರು ಅನ್ನಿಸಿದರೆ ಮುಖ ಊದಿಸಿಕೊಂಡು ಕೂರುವಳೇ ಹೊರತು ಬಾಯಿಬಿಟ್ಟು ಕೇಳುವವಳಲ್ಲ. ನಿಜ ಹೇಳಬೇಕೆಂದರೆ ಆ ಮರದಲ್ಲಿ ಎಲ್ಲರಿಗೂ ಈ ಕಾಯಿಲೆ ಸ್ವಲ್ಪ ಸ್ವಲ್ಪ ಇತ್ತು.

ಒಂದು ದಿನ ನಯವಾದ ಮಾತಿನ ಗೊರವಂಕ ಹಾರಿ ಬಂದು ಅವಳ ಪಕ್ಕ ಕೂತ.

"ಕವಲಕ್ಕಾ, ಗೊತ್ತಾಯ್ತಾ? ತೋಪಿನ ಗಿಳಿಗಳು ಈ ಮರಕ್ಕೆ ಬರ್ತಾವಂತೆ. ನಿಮಗೆಲ್ಲ ಹಳ್ಳದಾಚೆ ಬೇರೆ ಜಾಗ ನೋಡಿಟ್ಟಿದ್ದೀನಿ. ಎಲ್ಲರೂ ಒಪ್ಪಿದ್ದಾಯ್ತು, ನಿಮ್ಮದೊಂದೇ ಬಾಕಿ!"

"ಎಲ್ಲರೂ ಅಂದರೆ? ಮೇಲಿನ ಕೊಂಬೆಯ ನೇರಳಮ್ಮನೂ ಒಪ್ಪಿದಳಾ?"

"ಅಯ್ಯೋ, ಅವರೇ ಮೊದಲು! ನಿಮಗೆ ಒಂದು ಮಾತೂ ಹೇಳಲಿಲ್ವಾ? ಛೆ ಛೆ ಛೆ..."

ಕವಲಿಗೆ ಎದೆ ಚುರ್ರೆಂದಿತು. ನೇರಳಮ್ಮ ಇದ್ದದ್ದು ಒಂದೇ ಒಂದು ಕೊಂಬೆಯಷ್ಟು ಮೇಲೆ. ಕತ್ತೆತ್ತಿ "ಹೌದೇನೇ?" ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕವಲಿ, 'ಹೇಳದೆ ಹೋಗುವವರನ್ನು ನಾನೇಕೆ ಕೇಳಲಿ?' ಎಂದುಕೊಂಡು ಸುಮ್ಮನಾದಳು.

ಕಳ್ಳ ಗೊರವಂಕ ಇದೇ ಮಾತನ್ನು ಕೊಂಬೆಕೊಂಬೆಗೂ ಹೋಗಿ ಹೇಳಿದ. ಈ ಮರ ತಮಗೆ ಸಿಗುವಂತೆ ಮಾಡಿದರೆ ತೋಪಿನಲ್ಲಿ ಬೇಕಾದಷ್ಟು ಹಣ್ಣು ತಿನ್ನಬಹುದೆಂದು ಗಿಳಿಗಳು ಅವನಿಗೆ ಮಾತು ಕೊಟ್ಟಿದ್ದವು. ಎಲ್ಲ ಕೊಂಬೆಗಳಲ್ಲೂ ಕಾಜಾಣಗಳು ಮುಖ ಊದಿಸಿಕೊಂಡವು. ಬೆಳಗಿನ ಹಾಡು ಮಾತ್ರ ಅಭ್ಯಾಸಬಲದಿಂದ ನಡೆಯಿತು.

ಎರಡು ದಿನ ಕಳೆದ ಮೇಲೆ ಐದನೆಯ ಕೊಂಬೆಯ ಮುದುಕ ಇದ್ದಿಲಯ್ಯ ಯಾರ ಮುಖವನ್ನೂ ನೋಡದೆ ಹಳ್ಳದಾಚೆಗೆ ಹಾರಿಹೋದ. ಮರುದಿನ ಬೆಳಗ್ಗೆ ಹಾಡು ನಾಲ್ಕನೆಯ ಕೊಂಬೆಯವರೆಗೆ ಹೋಗಿ ನಿಂತುಬಿಟ್ಟಿತು. ಆರನೆಯ ಕೊಂಬೆಯವನಿಗೆ ಹಿಡಿದುಕೊಳ್ಳಲು ಮಾತೇ ಇರಲಿಲ್ಲ. ಅಜ್ಜಿಯರ ಕಾಲದಿಂದ ಒಂದು ದಿನವೂ ತಪ್ಪದ ಹಾಡು ಅಂದು ಅರ್ಧಕ್ಕೇ ಮುರಿಯಿತು. ಕವಲಿಗೆ ಅಳು ಬಂತು.

ಅಂದೇ ಗೊರವಂಕ ಮತ್ತೆ ಬಂದ. "ನಾಳೆ ಬೆಳಗ್ಗೆ ಗಿಳಿಗಳು ಬರ್ತಾವೆ ಕವಲಕ್ಕಾ. ಬೇಗ ಹೊರಡಿ."

"ಮೊಟ್ಟೆಗಳನ್ನು ಹೇಗೆ ಹೊತ್ತುಕೊಂಡು ಹೋಗಲಿ?"

"ಬಿಟ್ಟು ಹೋಗಿ. ಇನ್ನೊಮ್ಮೆ ಇಟ್ಟರಾಯ್ತಪ್ಪ!" ಎಂದು ಅವನು ಹಾರಿದ.

ಬಿಟ್ಟು ಹೋಗಬೇಕಂತೆ! ಕವಲಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಅವಳ ಬಿಗುಮಾನವೂ ಸುಟ್ಟು ಬೂದಿಯಾಯಿತು.

ಮರುದಿನ ನಸುಕು. ಮೊದಲ ಕೊಂಬೆ ಹಾಡಿತು. ಎರಡನೆಯದು ಹಾಡಿತು. ಕವಲಿಯ ಸರದಿ ಬಂತು. ಅವಳು ಅಜ್ಜಿಯ ಸಾಲನ್ನು ಹಾಡಲಿಲ್ಲ. ಕತ್ತು ಚಾಚಿ, ಥೇಟ್ ಗೊರವಂಕನ ದನಿಯಲ್ಲಿ, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದಳು:

"ಎಲ್ಲರೂ ಒಪ್ಪಿದ್ದಾಯ್ತು, ನಿಮ್ಮದೊಂದೇ ಬಾಕಿ!"

ನೇರಳಮ್ಮ ಕೊಂಬೆಯಿಂದ ಬೀಳುವುದೊಂದು ಬಾಕಿ. ಆದರೂ ಪದ್ಧತಿ ಪದ್ಧತಿಯೇ, ಕೊನೆಯ ಮಾತನ್ನು ಹಿಡಿಯಲೇಬೇಕು. "ಬಾಕಿ! ಬಾಕಿ! ಅಯ್ಯೋ, ನನಗೂ ಇದನ್ನೇ ಹೇಳಿದ್ದನಲ್ಲೇ ಆ ಗೊರವಂಕ! ನೀನು ಒಪ್ಪಿದೆ ಅಂದಿದ್ದ!"

"ನಾನೆಲ್ಲಿ ಒಪ್ಪಿದೆ? ನೀನು ಒಪ್ಪಿದೆ ಅಂದ!"

ಐದನೆಯ ಕೊಂಬೆ ಖಾಲಿ. ಆರನೆಯವನು ಕಾಯಲೇ ಇಲ್ಲ! "ನನಗೂ ಹಾಗೇ ಹೇಳಿದ!" ಎಂದು ಕಿರುಚಿದ. ಏಳು, ಎಂಟು, ಒಂಬತ್ತು, ಕೂಗು ಸರಸರನೆ ತುದಿಯವರೆಗೂ ಏರಿತು. ಕೊನೆಗೆ ಹತ್ತೂ ಕೊಂಬೆಗಳು ಗೊರವಂಕನ ದನಿಯಲ್ಲೇ ಒಟ್ಟಿಗೆ ಅರಚಿದವು: "ನಿಮ್ಮದೊಂದೇ ಬಾಕಿ! ನಿಮ್ಮದೊಂದೇ ಬಾಕಿ!"

ಅದೇ ಹೊತ್ತಿಗೆ ಗಿಳಿಗಳ ಹಿಂಡು ಬಂದಿಳಿಯಿತು. ಮುಂದೆ ಹಿರಿಯಳಾದ ಪಚ್ಚಮ್ಮ, ಪಕ್ಕದಲ್ಲಿ ಗೊರವಂಕ. ಹತ್ತು ದಿಕ್ಕಿನಿಂದ ತನ್ನದೇ ಸುಳ್ಳು ಕೇಳಿ ಅವನು ಮೆಲ್ಲನೆ ಹಿಂದೆ ಸರಿದ.

"ಇವರೇ ಬೇಡ ಅಂತ ಬಿಟ್ಟು ಹೋಗ್ತಿದ್ದಾರೆ ಅಂದೆಯಲ್ಲೋ!" ಎಂದು ಪಚ್ಚಮ್ಮ ತಿರುಗುವಷ್ಟರಲ್ಲಿ ಗೊರವಂಕ ಮಂಗಮಾಯ.

ಪಚ್ಚಮ್ಮ ಮರವನ್ನು ಆಸೆಯಿಂದ ನೋಡಿದಳು. "ತೋಪಿನಲ್ಲಿ ಗಿಡುಗನ ಕಾಟ ಕಣಮ್ಮ. ಇಲ್ಲಿ ಎಷ್ಟು ನೆಮ್ಮದಿ! ಈ ಬೆಳಗಿನ ಗಲಾಟೆ ಒಂದು ನಿಂತುಬಿಟ್ಟರೆ..."

ಕವಲಿ ನಕ್ಕುಬಿಟ್ಟಳು. "ಈ ಗಲಾಟೆ ಇರೋದಕ್ಕೇ ಗಿಡುಗ ಬರಲ್ಲ ಪಚ್ಚಮ್ಮಾ! ನಮ್ಮನ್ನು ಕಳಿಸಿ ಹಾಡು ನಿಲ್ಲಿಸಿದರೆ ನಿಮಗೆ ಉಳಿಯೋದು ಬರೀ ಮುಳ್ಳು. ಪಕ್ಕದಲ್ಲಿ ಅತ್ತಿಮರ ಇದೆ, ಬೇಕಾದರೆ ಅಲ್ಲಿರಿ. ಆದರೆ ನಸುಕಿನಲ್ಲಿ ಎದ್ದು ನೀವೂ ಒಂದು ಕಡೆ ಕಾವಲು ನೋಡಬೇಕು."

ಕೆಲವು ಗಿಳಿಗಳು ಗೊಣಗಿಕೊಂಡು ತೋಪಿಗೆ ಮರಳಿದವು. ಪಚ್ಚಮ್ಮ ಮಾತ್ರ ತನ್ನ ಬಳಗದೊಂದಿಗೆ ಅತ್ತಿಮರಕ್ಕೆ ಹೋದಳು. ಕಾಜಾಣಗಳು ಅಲ್ಲೇ ಒಂದು ಕಟ್ಟಳೆ ಮಾಡಿದವು: ಕೊಂಬೆ ಬಿಡುವ ಯೋಚನೆ ಯಾರಿಗೆ ಬಂದರೂ ಮೊದಲು ಬೆಳಗಿನ ಹಾಡಿನಲ್ಲಿ ಎಲ್ಲರಿಗೂ ಹೇಳಬೇಕು.

ಆಮೇಲೆ ಕವಲಿ ನೇರಳಮ್ಮನನ್ನು ಮೊಟ್ಟೆಗಳ ಕಾವಲಿಗೆ ಕೂರಿಸಿ ಹಳ್ಳದಾಚೆಗೆ ಹಾರಿದಳು. ಇದ್ದಿಲಯ್ಯ ಒಂದು ಒಣಕಡ್ಡಿಯ ಮೇಲೆ ಮುದುಡಿ ಕೂತಿದ್ದ.

"ತಾತ, ಯಾರೂ ಒಪ್ಪಿರಲಿಲ್ಲ!"

"ಯಾರೂ?" ಮುದುಕ ಎದ್ದು ನಿಂತ. "ಒಬ್ಬರೂ?"

"ಒಬ್ಬರೂ ಇಲ್ಲ! ಬಾ!"

ಅವರು ಬರುವುದರೊಳಗೆ ಬಿಸಿಲೇರಿತ್ತು. ಆದರೂ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ನಾಲ್ಕನೆಯ ಸಾಲು ಮುಗಿಯಿತು. ಐದನೆಯ ಕೊಂಬೆಯಲ್ಲಿ ಇದ್ದಿಲಯ್ಯ ಏದುಸಿರು ಬಿಡುತ್ತಿದ್ದ, ದನಿಯೇ ಹೊರಡಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಅವನ ಸಾಲನ್ನು ಯಾರೂ ಹಾಡಿಬಿಡಲೂ ಇಲ್ಲ. ಮುದುಕನಿಗೆ ಉಸಿರು ಮರಳುವವರೆಗೆ ಇಡೀ ಮರ ಸುಮ್ಮನೆ ಕಾದು ಕೂತಿತು.

ನೀತಿ: ನೆರೆಯವರನ್ನು ಕೇಳದೆ ಮುನಿಸಿಕೊಂಡು ಕೂತರೆ ಯಾರು ಬೇಕಾದರೂ ಮನೆ ಬಿಡಿಸಬಹುದು, ಬಾಯಿಬಿಟ್ಟು ಕೇಳಿ ಒಟ್ಟಿಗೆ ನಿಂತವರ ಕೇರಿಯನ್ನೂ ಹಾಡನ್ನೂ ಯಾರೂ ಕಸಿಯಲಾರರು.